ನೀರು ಕುಡಿಯದ ಹುಳ, ರಾತ್ರಿ ಬಾಗಿಲು ತೆರೆಯುವ ಎಲೆ

ಎರಡು ತಿಂಗಳಿಂದ ಮುಟ್ಟದ ರವೆ ಡಬ್ಬಿಯೋ ಮೈದಾ ಪೊಟ್ಟಣವೋ ನಿಮ್ಮ ಅಡುಗೆಮನೆಯಲ್ಲಿದ್ದರೆ ಒಮ್ಮೆ ತೆಗೆದು ನೋಡಿ. ಮೂರು-ನಾಲ್ಕು ಮಿಲಿಮೀಟರ್ ಉದ್ದದ, ಕೆಂಪು-ಕಂದು ಬಣ್ಣದ ಹುಳಗಳು ಓಡಾಡುತ್ತಿರಬಹುದು. "ಅಯ್ಯೋ, ಹುಳ ಬಿದ್ದಿದೆ" ಅಂತ ಜರಡಿ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಆ ಡಬ್ಬಿಯಲ್ಲಿ ಒಂದು ಹನಿ ನೀರಿಲ್ಲ. ಹುಳ ಅಲ್ಲೇ ಹುಟ್ಟಿದೆ, ಅಲ್ಲೇ ಬೆಳೆದಿದೆ, ಅಲ್ಲೇ ಮೊಟ್ಟೆಯನ್ನೂ ಇಟ್ಟಿದೆ. ಹುಟ್ಟಿದಾರಭ್ಯ ಅದು ನೀರನ್ನೇ ಕಂಡಿಲ್ಲ. ಆದರೂ ಅದರ ಮೈಯಲ್ಲಿ ಅರ್ಧಕ್ಕೂ ಹೆಚ್ಚು ಭಾಗ ನೀರೇ ಇದೆ. ಆ ನೀರು ಬಂದದ್ದೆಲ್ಲಿಂದ? ಬಂದದ್ದು ಆವಿಯಾಗಿ ಹೋಗಲಿಲ್ಲ ಯಾಕೆ?

ಎರಡನೇ ಪ್ರಶ್ನೆಯೇ ದೊಡ್ಡದು, ಹಾಗಾಗಿ ಅದರಿಂದಲೇ ಶುರು ಮಾಡೋಣ. ತೊಳೆದ ಬಟ್ಟೆಯನ್ನು ಮುದ್ದೆ ಮಾಡಿ ಬಕೆಟ್ಟಿನಲ್ಲಿಟ್ಟರೆ ಮರುದಿನವೂ ಒದ್ದೆಯಾಗಿಯೇ ಇರುತ್ತದೆ. ಹರಡಿ ಹಾಕಿದರೆ ಎರಡು ತಾಸಿನಲ್ಲಿ ಒಣಗುತ್ತದೆ. ನೀರು ಎರಡರಲ್ಲೂ ಅಷ್ಟೇ, ಗಾಳಿಗೆ ತೆರೆದುಕೊಂಡ ಮೈ ಮಾತ್ರ ಬೇರೆ. ಸಣ್ಣ ಪ್ರಾಣಿ ಎಂದರೆ ಈ ಹರಡಿದ ಬಟ್ಟೆ ಇದ್ದ ಹಾಗೆ. ಒಂದು ಸೆಂಟಿಮೀಟರ್ ಘನಕ್ಕೂ ಒಂದು ಮಿಲಿಮೀಟರ್ ಘನಕ್ಕೂ ಲೆಕ್ಕ ಹಾಕಿ ನೋಡಿ. ಒಳಗಿನ ಗಾತ್ರಕ್ಕೆ ಹೋಲಿಸಿದರೆ ಚಿಕ್ಕದರ ಹೊರಮೈ ಹತ್ತು ಪಟ್ಟು ಹೆಚ್ಚು. ಒಳಗೆ ನೀರು ಇಷ್ಟೇ ಇಷ್ಟು, ಸೋರಲು ದಾರಿ ಮಾತ್ರ ಬೇಕಾದಷ್ಟು. ಈ ಲೆಕ್ಕದ ಪ್ರಕಾರ ಹುಳಗಳೆಲ್ಲ ಒಂದೇ ದಿನದಲ್ಲಿ ಒಣಗಿ ಸಾಯಬೇಕಿತ್ತು.

ಅವು ಸಾಯದಿರುವುದಕ್ಕೆ ಕಾರಣ ಮೇಣ. ಹುಳದ ಗಟ್ಟಿ ಹೊದಿಕೆ ನಮ್ಮ ಕಣ್ಣಿಗೆ ಕವಚದಂತೆ ಕಾಣುತ್ತದೆ, ನೀರು ತಡೆಯುವುದೂ ಅದೇ ಇರಬೇಕು ಎನಿಸುತ್ತದೆ. ಹಾಗಲ್ಲ. ಆ ಕವಚದ ಮೇಲೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ತೆಳುವಾದ ಮೇಣದ ಪದರವಿರುತ್ತದೆ. ನೀರನ್ನು ತಡೆದು ನಿಲ್ಲಿಸುವುದು ಮುಖ್ಯವಾಗಿ ಅದು. 1935ರಲ್ಲಿ ಜೆ. ಎ. ರಾಮ್ಸೆ ಎಂಬ ವಿಜ್ಞಾನಿ ಜಿರಲೆಗಳಿಂದ ನೀರು ಆವಿಯಾಗುವ ವೇಗವನ್ನು ಅಳೆಯುತ್ತಿದ್ದರು. ಉಷ್ಣತೆ ಏರಿದಂತೆ ವೇಗ ನಿಧಾನವಾಗಿ ಏರುತ್ತಿತ್ತು. ಸುಮಾರು 30 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಒಮ್ಮೆಲೇ ಜೋರಾಯಿತು. ಮೈಮೇಲಿನ ಜಿಡ್ಡಿನ ಪದರ ಆ ಬಿಸಿಗೆ ಸಡಿಲಗೊಳ್ಳುತ್ತದೆ ಎಂದು ಅವರು ವಿವರಿಸಿದರು. ಬೇರೆ ಬೇರೆ ಹುಳಗಳಲ್ಲಿ ಈ ಸಡಿಲವಾಗುವ ಬಿಸಿಯೂ ಬೇರೆ ಬೇರೆ. ಒಣ ಜಾಗದಲ್ಲಿ ಬದುಕುವ ಹುಳಗಳ ಮೇಣ ಹೆಚ್ಚು ಬಿಸಿ ತಡೆಯುತ್ತದೆ.

ಹತ್ತು ವರ್ಷಗಳ ನಂತರ, 1945ರಲ್ಲಿ, ಕೀಟಗಳ ದೇಹಕ್ರಿಯೆಯನ್ನೇ ಜೀವನವಿಡೀ ಅಧ್ಯಯನ ಮಾಡಿದ ವಿನ್ಸೆಂಟ್ ವಿಗಲ್ಸ್‌ವರ್ತ್ ಇದನ್ನು ಇನ್ನೊಂದು ದಾರಿಯಿಂದ ತೋರಿಸಿದರು. ಗಟ್ಟಿಯಾದ ನುಣ್ಣನೆಯ ಪುಡಿಯ ಮೇಲೆ ಹುಳಗಳನ್ನು ಓಡಾಡಲು ಬಿಟ್ಟರು. ಪುಡಿಯಲ್ಲಿ ವಿಷವೇನೂ ಇರಲಿಲ್ಲ. ಆದರೂ ಹುಳಗಳು ಬೇಗ ಬೇಗ ನೀರು ಕಳೆದುಕೊಂಡು ಸೊರಗಿದವು. ಓಡಾಡುವಾಗ ಪುಡಿ ಹೊಟ್ಟೆಯ ಅಡಿಗೆ, ಕೀಲುಗಳಿಗೆ ಉಜ್ಜಿ ಮೇಣವನ್ನು ಕೆರೆದು ಹಾಕಿತ್ತು. ಅಂಥ ಹುಳಗಳನ್ನು ತೇವದ ಗಾಳಿಯಲ್ಲಿಟ್ಟರೆ ಅವು ಮತ್ತೆ ಮೇಣ ಸ್ರವಿಸಿ ಗಾಯ ಮುಚ್ಚಿಕೊಳ್ಳುತ್ತಿದ್ದವು ಎಂಬುದನ್ನೂ ಅವರು ಕಂಡರು.

ಇಲ್ಲಿಗೆ ಬಂದಾಗ ನಿಮಗೆ ಊರಿನ ಮನೆ ನೆನಪಾಗಬೇಕು. ಹೆಸರು, ಅವರೆ, ತೊಗರಿ ಕಾಳುಗಳಿಗೆ ಒಲೆಯ ಬೂದಿ ಬೆರೆಸಿ ಮಡಕೆಯಲ್ಲಿ ತುಂಬಿಡುತ್ತಿದ್ದರಲ್ಲ, ಕೆಲವು ಕಡೆ ಕೆಮ್ಮಣ್ಣು ಹಚ್ಚಿ ಒಣಗಿಸುತ್ತಿದ್ದರಲ್ಲ, ಅದರ ಗುಟ್ಟೂ ಬಹುಮಟ್ಟಿಗೆ ಇದೇ. ಬೂದಿ ಕಾಳುಗಳ ನಡುವಿನ ಸಂದಿ ತುಂಬಿ ಹುಳದ ಓಡಾಟಕ್ಕೆ ಅಡ್ಡಿ ಮಾಡುತ್ತದೆ, ಓಡಾಡಿದ ಹುಳದ ಮೇಣವನ್ನು ಕೆರೆಯುತ್ತದೆ, ಹೀರುತ್ತದೆ. ಹುಳ ಸಾಯುವುದು ವಿಷದಿಂದಲ್ಲ, ಬಾಯಾರಿಕೆಯಿಂದ. ದಾದಿ-ನಾನಿಯರು, ಅಜ್ಜಿಯರು ಇದನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ. ಆದರೆ ಬೂದಿಯೂ ಒಣಗಿರಬೇಕು, ಕಾಳೂ ಒಣಗಿರಬೇಕು ಅಂತ ಅವರು ಹಟ ಹಿಡಿಯುತ್ತಿದ್ದುದು ಸುಮ್ಮನೆ ಅಲ್ಲ. ತೇವವಿದ್ದಲ್ಲಿ ಹುಳ ಕಳೆದುಕೊಂಡ ನೀರನ್ನು ಮತ್ತೆ ತುಂಬಿಕೊಳ್ಳುತ್ತದೆ, ಆಗ ಬೂದಿ ಸೋಲುತ್ತದೆ. ಜುಲೈ ತಿಂಗಳ ಮುಂಬಯಿಯಲ್ಲಿ ಕಾಳಿಗೆ ಬೂದಿ ಬೆರೆಸಿ ಫಲವಿಲ್ಲ ಎನ್ನುವುದಕ್ಕೂ ಕಾರಣ ಇದೇ. ಆ ಕೆಲಸ ಮೇ ತಿಂಗಳಿನಲ್ಲೇ ಮುಗಿದಿರಬೇಕು.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ವಿಷಯಾಂತರ ಅನ್ನಿಸಿದರೂ ಚಿಂತೆಯಿಲ್ಲ. ನಗರಗಳಲ್ಲಿ ಬೂದಿ ಸಿಗುವುದಿಲ್ಲ, ತಾರಸಿ ಇರುವುದಿಲ್ಲ. ವರ್ಷಕ್ಕಾಗುವಷ್ಟು ಗೋಧಿ, ಅಕ್ಕಿ ತಂದಿಟ್ಟ ಮನೆಗಳಲ್ಲಿ ಕೆಲವರು ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ ತಂದು ಚೀಲದಲ್ಲಿ ಹಾಕುತ್ತಾರೆ. ಅದು ಜನವಸತಿಯಿಲ್ಲದ ಗೋದಾಮುಗಳಿಗೆ, ತರಬೇತಿ ಪಡೆದವರ ಕೈಗೆ ಮೀಸಲಾದ ವಸ್ತು. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ಅನಿಲ ಬಿಡುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗಿದ್ದ ಮಕ್ಕಳು, ದೊಡ್ಡವರು ಇದರಿಂದ ಸತ್ತ ಸುದ್ದಿಯನ್ನು ನಮ್ಮ ದೇಶದ ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ದಯವಿಟ್ಟು ಮನೆಯೊಳಗೆ ತರಬೇಡಿ. ಹುಳಕ್ಕೆ ಬೇಕಾದದ್ದು ತೇವ ಎಂದು ತಿಳಿದ ಮೇಲೆ ಉಪಾಯ ಕಷ್ಟವಲ್ಲ. ಕಾಳನ್ನು ಚೆನ್ನಾಗಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿಡಿ. ಕಾಳಿನ ತೇವಾಂಶ ಶೇ. 9-10ಕ್ಕಿಂತ ಕೆಳಗಿಳಿದರೆ ಅಕ್ಕಿಯಲ್ಲಿ ಬರುವ ಸೊಂಡಿಲಿನ ಹುಳ ಸಂತಾನ ಬೆಳೆಸಲು ಬಹಳ ಕಷ್ಟಪಡುತ್ತದೆ. ಬಿಸಿಲಿಲ್ಲದ ಫ್ಲ್ಯಾಟಿನಲ್ಲಿ ಇರುವವರು ರವೆ, ಬೇಳೆಗಳನ್ನು ಗಟ್ಟಿಯಾಗಿ ಕಟ್ಟಿ ನಾಲ್ಕೈದು ದಿನ ಫ್ರೀಜರಿನಲ್ಲಿಡಬಹುದು. ಮೊಟ್ಟೆಗಳೂ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಪೊಟ್ಟಣ ಕೋಣೆಯ ಬಿಸಿಗೆ ಬರುವವರೆಗೆ ಬಿಚ್ಚಬೇಡಿ. ಬಿಚ್ಚಿದರೆ ತಣ್ಣಗಿನ ಕಾಳಿನ ಮೇಲೆ ಗಾಳಿಯ ತೇವ ಕೂತು ಹುಳಕ್ಕೆ ನೀವೇ ನೀರು ಕೊಟ್ಟ ಹಾಗಾಗುತ್ತದೆ.

ಮೇಣ ಬಳಿದುಕೊಂಡರೆ ಮುಗಿಯಿತೇ? ಇಲ್ಲ, ಉಸಿರಾಡಬೇಕಲ್ಲ. ಹುಳಗಳಿಗೆ ಮೂಗಿಲ್ಲ, ಶ್ವಾಸಕೋಶವಿಲ್ಲ. ಮೈಯ ಎರಡೂ ಬದಿಯಲ್ಲಿ ಸಾಲಾಗಿ ಸಣ್ಣ ರಂಧ್ರಗಳಿರುತ್ತವೆ, ಜಿರಲೆಗಾದರೆ ಹತ್ತು ಜೊತೆ. ಅಲ್ಲಿಂದ ಒಳಗೆ ಕವಲೊಡೆದ ಕೊಳವೆಗಳು ಗಾಳಿಯನ್ನು ನೇರವಾಗಿ ಅಂಗಾಂಗಗಳಿಗೆ ಒಯ್ಯುತ್ತವೆ. ಗಾಳಿ ಬರುವ ದಾರಿಯಲ್ಲೇ ನೀರಾವಿ ಹೊರಗೆ ಹೋಗುತ್ತದೆ. ಅದಕ್ಕೇ ಬಹುತೇಕ ಹುಳಗಳ ರಂಧ್ರಗಳಿಗೆ ಮುಚ್ಚಳವಿದೆ. ಬೇಕಾದಾಗ ಮಾತ್ರ ತೆರೆಯುತ್ತವೆ, ಸುಮ್ಮನೆ ಕೂತಾಗ ಕೆಲವು ಬಹಳ ಹೊತ್ತು ಮುಚ್ಚಿಕೊಂಡೇ ಇರುತ್ತವೆ. ಸುತ್ತಲ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿದರೆ ಮುಚ್ಚಳಗಳು ತೆರೆದೇ ಉಳಿಯುತ್ತವೆ. ಆಗ ಮೇಣ ಎಷ್ಟೇ ಚೆನ್ನಾಗಿದ್ದರೂ ಹುಳ ಬೇಗ ಒಣಗುತ್ತದೆ.

ಇನ್ನು ಮೂತ್ರದ ವಿಷಯ. ನಮ್ಮ ದೇಹ ಬೇಡವಾದ ಸಾರಜನಕವನ್ನು ಯೂರಿಯಾ ಮಾಡಿ ಹೊರಹಾಕುತ್ತದೆ, ಅದನ್ನು ಕರಗಿಸಲು ನೀರು ಖರ್ಚಾಗುತ್ತದೆ. ಹುಳಗಳು ಅದನ್ನೇ ಯೂರಿಕ್ ಆಮ್ಲ ಮಾಡುತ್ತವೆ. ಅದು ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಹಾಗಾಗಿ ಪುಡಿಯಾಗಿಯೇ ಹೊರಗೆ ಹೋಗುತ್ತದೆ. ಗೋಡೆಯ ಹಲ್ಲಿಯ ಹಿಕ್ಕೆಯ ತುದಿಯಲ್ಲಿ ಬಿಳಿ ಚುಕ್ಕೆ ಕಾಣುತ್ತದಲ್ಲ, ಅದೂ ಇದೇ ವಸ್ತು. ಹುಳಗಳಲ್ಲಿ ಈ ಕೆಲಸ ಮಾಡುವ ಸಪೂರ ನಾಳಗಳಿಗೆ ಇಟಲಿಯ ಮಾರ್ಸೆಲೊ ಮಾಲ್ಪಿಘಿ ಅವರ ಹೆಸರಿದೆ. ಅವರು 1669ರಲ್ಲಿ ರೇಷ್ಮೆಹುಳವನ್ನು ಸೀಳಿ ನೋಡಿ ಪುಸ್ತಕ ಬರೆದವರು. ನಮ್ಮ ರವೆಯ ಹುಳ ಮತ್ತು ಅದರ ಬಳಗದಲ್ಲಿ ಈ ನಾಳಗಳ ತುದಿಗಳು ಕರುಳಿನ ಕೊನೆಯ ಭಾಗಕ್ಕೆ ಸುತ್ತಿಕೊಂಡಿರುತ್ತವೆ. ಮಲ ಹೊರಗೆ ಹೋಗುವ ಮೊದಲು ಅದರ ನೀರನ್ನು ಹಿಂಡಿ ವಾಪಸ್ ಎಳೆದುಕೊಳ್ಳುವುದೇ ಅವುಗಳ ಕೆಲಸ. ಒಣ ಬಟ್ಟೆ ಹಿಂಡಿದ ಹಾಗೆ ಅನ್ನಿ. ಗಾಳಿಯಲ್ಲಿ ಸಾಕಷ್ಟು ತೇವವಿದ್ದರೆ ಈ ಬಳಗದ ಕೆಲವು ಹುಳಗಳು ಇದೇ ಅಂಗದಿಂದ ಗಾಳಿಯ ನೀರಾವಿಯನ್ನೂ ಹೀರುತ್ತವೆ.

ಈಗ ಮೊದಲ ಪ್ರಶ್ನೆಗೆ ಬನ್ನಿ, ನೀರು ಬಂದದ್ದೆಲ್ಲಿಂದ? ಹಿಟ್ಟಿನಲ್ಲೇ ಶೇ. 12ರಷ್ಟು ತೇವವಿರುತ್ತದೆ. ಉಳಿದದ್ದನ್ನು ಹುಳ ತಾನೇ ತಯಾರಿಸುತ್ತದೆ. ಆಹಾರ ದೇಹದಲ್ಲಿ 'ಉರಿದಾಗ' ಇಂಗಾಲದ ಡೈಆಕ್ಸೈಡ್ ಜೊತೆ ನೀರೂ ಹುಟ್ಟುತ್ತದೆ. ಒಂದು ಗ್ರಾಂ ಪಿಷ್ಟದಿಂದ ಸುಮಾರು 0.55 ಗ್ರಾಂ, ಒಂದು ಗ್ರಾಂ ಕೊಬ್ಬಿನಿಂದ ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚೇ ನೀರು ಸಿಗುತ್ತದೆ. ಒಂಟೆಯ ಡುಬ್ಬದಲ್ಲಿ ನೀರಿದೆ ಎಂಬ ಕಥೆಯನ್ನು ತಿದ್ದುವವರು "ಇಲ್ಲ, ಕೊಬ್ಬಿದೆ, ಅದರಿಂದ ನೀರಾಗುತ್ತದೆ" ಎನ್ನುತ್ತಾರೆ. ಅದೂ ಪೂರ್ತಿ ಸರಿಯಲ್ಲ. ಕೊಬ್ಬು ಉರಿಸಲು ಬೇಕಾದ ಆಮ್ಲಜನಕಕ್ಕಾಗಿ ಒಂಟೆ ಉಸಿರಾಡುವಾಗ ಶ್ವಾಸದಿಂದಲೇ ಅಷ್ಟು ನೀರು ಹೋಗಿಬಿಡಬಹುದು. ರಂಧ್ರಗಳನ್ನು ಬಿಗಿಯಾಗಿ ಮುಚ್ಚಬಲ್ಲ ಹುಳಕ್ಕೆ ಮಾತ್ರ ಈ ವ್ಯಾಪಾರದಲ್ಲಿ ನಿಜವಾದ ಲಾಭ.

ಆಫ್ರಿಕಾದ ನಮೀಬ್ ಮರುಭೂಮಿಯಲ್ಲಿ ಮಂಜಿನಿಂದ ನೀರು ಕುಡಿಯುವ ಜೀರುಂಡೆಯ ಬಗ್ಗೆ ವಿದ್ಯಾರ್ಥಿಗಳು ಕೇಳಿರುತ್ತೀರಿ. ಬೆಳಗಿನ ಮಂಜಿಗೆ ಬೆನ್ನೊಡ್ಡಿ, ತಲೆ ಕೆಳಗೆ ಮಾಡಿ ನಿಲ್ಲುತ್ತದೆ. ಹನಿಗಳು ಬೆನ್ನಿನಿಂದ ಬಾಯಿಗೆ ಹರಿಯುತ್ತವೆ. 1976ರಲ್ಲಿ ಹ್ಯಾಮಿಲ್ಟನ್ ಮತ್ತು ಮೇರಿ ಸೀಲಿ ಇದನ್ನು ವರದಿ ಮಾಡಿದರು. 2001ರಲ್ಲಿ ಇನ್ನೊಂದು ತಂಡ, ಬೆನ್ನಿನ ಗುಬುಟುಗಳು ನೀರನ್ನು ಹಿಡಿಯುತ್ತವೆ ಎಂದು ಬರೆದ ಮೇಲೆ ಆ ಚಿತ್ರವೇ ಪುಸ್ತಕಗಳಲ್ಲಿ ಉಳಿದುಬಿಟ್ಟಿತು. ಆದರೆ ನಿಜವಾಗಿ ತಲೆಕೆಳಗಾಗಿ ನಿಲ್ಲುವ ಜಾತಿಯ ಬೆನ್ನು ಹೆಚ್ಚು ಕಡಿಮೆ ನುಣುಪು ಎಂದು ಆಮೇಲಿನ ಅಧ್ಯಯನ ಹೇಳಿತು. ಪರೀಕ್ಷೆಗೆ ಬರೆಯುವಾಗ ಈ ಎರಡನ್ನೂ ಬೆರೆಸಬೇಡಿ.

ಗಿಡಗಳ ಕಡೆ ತಿರುಗಿದರೆ ಅದೇ ಎರಡು ಸಾಮಾನು ಮತ್ತೆ ಕಾಣುತ್ತವೆ, ಮೇಣ ಮತ್ತು ಮುಚ್ಚಳದ ರಂಧ್ರ. ಜೋಳದ ದಂಟನ್ನು ಬೆರಳಿನಿಂದ ಉಜ್ಜಿದರೆ ಬಿಳಿ ಪುಡಿ ಅಂಟುತ್ತದೆ. ಅದು ಧೂಳಲ್ಲ, ಗಿಡ ಸ್ರವಿಸಿದ ಮೇಣ. ಎಲೆಯ ರಂಧ್ರಗಳಿಗೆ ಪತ್ರರಂಧ್ರ ಎನ್ನುತ್ತಾರೆ, ಎರಡು ಕಾವಲು ಕೋಶಗಳು ಅವನ್ನು ತೆರೆದು ಮುಚ್ಚುತ್ತವೆ. ಗಿಡದ ಸಂಕಟ ಹುಳಕ್ಕಿಂತ ದೊಡ್ಡದು. ಹುಳ ಓಡಿಹೋಗಿ ನೆರಳಿನಲ್ಲಿ ಕೂರಬಹುದು, ಗಿಡ ನಿಂತಲ್ಲೇ ನಿಲ್ಲಬೇಕು. ರಂಧ್ರ ತೆರೆಯದಿದ್ದರೆ ಇಂಗಾಲದ ಡೈಆಕ್ಸೈಡ್ ಸಿಗದೆ ಹಸಿವು, ತೆರೆದರೆ ಬಾಯಾರಿಕೆ. ಬೇರು ಹೀರಿದ ನೀರಿನಲ್ಲಿ ಶೇ. 95ಕ್ಕೂ ಹೆಚ್ಚು ಹೀಗೆ ಆವಿಯಾಗಿಯೇ ಹೋಗುತ್ತದೆ. ಭತ್ತ, ಗೋಧಿಯಂಥ ಗಿಡಗಳು ಗಾಳಿಯಿಂದ ಇಂಗಾಲದ ಡೈಆಕ್ಸೈಡಿನ ಒಂದು ಅಣು ಹಿಡಿಯಲು ನೀರಿನ ಸುಮಾರು 400-500 ಅಣುಗಳನ್ನು ಕಳೆದುಕೊಳ್ಳುತ್ತವೆ.

ಜೋಳ, ಸಜ್ಜೆ, ರಾಗಿ, ಕಬ್ಬು ಇದರಲ್ಲಿ ಜಾಣರು. ಅವುಗಳ ಎಲೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಮೊದಲು ಒಂದು ಕೋಶದಲ್ಲಿ ಹಿಡಿದು, ಒಳಗಿನ ಇನ್ನೊಂದು ಕೋಶಕ್ಕೆ ಒಯ್ದು ದಟ್ಟವಾಗಿ ತುಂಬುವ ವ್ಯವಸ್ಥೆಯಿದೆ. ರಂಧ್ರ ಅರೆಬರೆ ತೆರೆದರೂ ಸಾಕು. ಖರ್ಚು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಪುಣೆ, ಸೊಲ್ಲಾಪುರದ ಕಡೆ ಇರುವವರು ತಿನ್ನುವ ಮಾಲ್ದಂಡಿ ಜೋಳವೇ ಇದಕ್ಕೆ ಒಳ್ಳೆಯ ಉದಾಹರಣೆ. ವಿಜಯಪುರ, ಕಲಬುರಗಿ, ಸೊಲ್ಲಾಪುರದ ಎರೆ ಹೊಲಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತುತ್ತಾರೆ. ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎರೆ ಮಣ್ಣು ಹಿಡಿದಿಟ್ಟ ತೇವದಲ್ಲೇ ಗಿಡ ಬೆಳೆದು ತೆನೆ ಕಟ್ಟಬೇಕು. ಅಷ್ಟರಲ್ಲಿ ನೆಲ ಬಿರುಕು ಬಿಟ್ಟಿರುತ್ತದೆ. ಬಿಸಿಲು ಜೋರಾದಾಗ ಜೋಳದ ಎಲೆ ಸುರುಳಿ ಸುತ್ತಿಕೊಳ್ಳುವುದನ್ನು ರೈತರ ಮಕ್ಕಳು ನೋಡಿರುತ್ತೀರಿ. ಗಾಳಿಗೆ ತೆರೆದ ಮೈಯನ್ನು ಕಡಿಮೆ ಮಾಡಿಕೊಳ್ಳುವ ಉಪಾಯ ಅದು. ಹರಡಿದ ಬಟ್ಟೆ ಮುದ್ದೆಯಾದ ಹಾಗೆ. ನೀರಿಲ್ಲದ ಸೀಮೆಯಲ್ಲಿ ಕೊಳವೆಬಾವಿ ಕೊರೆಸಿ ಬೇರೆ ಬೆಳೆಗೆ ಓಡುವ ಮೊದಲು ಈ ಗಿಡದ ಲೆಕ್ಕವನ್ನು ಒಮ್ಮೆ ನೋಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಇನ್ನೂ ಜಿಪುಣ ಗಿಡಗಳಿವೆ. ಬೆನ್ಯಾಮಿನ್ ಹೈನೆ ಎಂಬ ಜರ್ಮನ್ ಸಸ್ಯವಿಜ್ಞಾನಿ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದ. ಹೈದರಾಲಿ, ಟಿಪ್ಪು ಸುಲ್ತಾನ್ ಬೆಳೆಸಿದ ಬೆಂಗಳೂರಿನ ಲಾಲ್‌ಬಾಗ್, ಟಿಪ್ಪುವಿನ ನಂತರ ಕೆಲಕಾಲ ಇವನ ಉಸ್ತುವಾರಿಯಲ್ಲಿತ್ತು. ಭಾರತದ ತೋಟಗಳಲ್ಲಿ ಬೆಳೆಯುತ್ತಿದ್ದ ಒಂದು ದಪ್ಪ ಎಲೆಯ ಗಿಡದ ಬಗ್ಗೆ ಅವನು ಲಂಡನ್ನಿಗೆ ಬರೆದ ಪತ್ರ 1815ರಲ್ಲಿ ಅಚ್ಚಾಯಿತು. ಬೆಳಿಗ್ಗೆ ಅದರ ಎಲೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ಸ್ವಲ್ಪ ಕಹಿ ಎಂಬುದು ಅವನು ಕಂಡ ವಿಚಿತ್ರ. ಆ ಗಿಡ ನಿಮಗೂ ಗೊತ್ತು. ಕನ್ನಡದಲ್ಲಿ ಕಾಡುಬಸಳೆ, ದೆಹಲಿ-ಹೈದರಾಬಾದ್ ಕಡೆ ಪತ್ಥರ್‌ಚಟ್ಟಾ ಅನ್ನುತ್ತಾರೆ. ಎಲೆ ಕಿತ್ತು ಮಣ್ಣಿನ ಮೇಲಿಟ್ಟರೆ ಅಂಚಿನಿಂದ ಸಸಿ ಹುಟ್ಟುವ ಗಿಡ.

ಹುಳಿಯ ಕಾರಣ ಪೂರ್ತಿ ತಿಳಿದದ್ದು ಇಪ್ಪತ್ತನೇ ಶತಮಾನದಲ್ಲಿ. ಈ ಗಿಡ ರಂಧ್ರಗಳನ್ನು ರಾತ್ರಿ ತೆರೆಯುತ್ತದೆ. ಆಗ ಗಾಳಿ ತಂಪು, ತೇವ ಹೆಚ್ಚು, ನೀರು ಹೋಗುವುದು ಕಡಿಮೆ. ಆದರೆ ರಾತ್ರಿ ಬೆಳಕಿಲ್ಲ, ಅಡುಗೆ ಮಾಡುವ ಹಾಗಿಲ್ಲ. ಹಾಗಾಗಿ ಸಿಕ್ಕಿದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲ ಮಾಡಿ ಎಲೆಯಲ್ಲೇ ತುಂಬಿಡುತ್ತದೆ. ಸೇಬಿನ ಹುಳಿಯೂ ಇದೇ ಆಮ್ಲ. ಬೆಳಗಾದ ಮೇಲೆ ಬಾಗಿಲು ಮುಚ್ಚಿ, ಆಮ್ಲವನ್ನು ಬಿಡಿಸಿ, ಬಿಸಿಲಿನಲ್ಲಿ ಆಹಾರ ತಯಾರಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಹುಳಿ ಖಾಲಿ. ಪಾಪಸ್ಕಳ್ಳಿ, ಲೋಳೆಸರ, ಅನಾನಸು, ಈಗ ಎಲ್ಲ ಕಡೆ ಮಾರುವ ಡ್ರ್ಯಾಗನ್ ಹಣ್ಣಿನ ಗಿಡ, ಎಲ್ಲವೂ ಇದೇ ಪದ್ಧತಿಯವು. ಒಂದು ಅಣುವಿಗೆ ನೀರಿನ 50ರಿಂದ 100 ಅಣುಗಳಷ್ಟೇ ಖರ್ಚು. ಬೆಲೆ ಏನೆಂದರೆ, ಬಹುತೇಕ ಬೆಳವಣಿಗೆ ನಿಧಾನ. ವಿದ್ಯಾರ್ಥಿಗಳು ಮನೆಯಲ್ಲೇ ನೋಡಬಹುದು. ಮುಂಜಾನೆ ಒಂದು, ಸಂಜೆ ಒಂದು ಕಾಡುಬಸಳೆ ಎಲೆ ಜಜ್ಜಿ, ರಸವನ್ನು ಆಮ್ಲ ಪರೀಕ್ಷಿಸುವ ಕಾಗದಕ್ಕೆ ಹಚ್ಚಿ ಹೋಲಿಸಿ. ಹೈನೆಯ ಹಾಗೆ ತಿಂದು ನೋಡಬೇಡಿ. ಹೃದಯಕ್ಕೆ ಅಪಾಯ ಮಾಡುವ ರಾಸಾಯನಿಕ ಈ ಗಿಡದಲ್ಲಿದೆ, ಮೇಯ್ದ ದನಗಳು ಸತ್ತದ್ದುಂಟು.

ನೀರು ಉಳಿಸುವುದು ಒಂದು ದಾರಿಯಾದರೆ, ನೀರನ್ನು ಬಿಟ್ಟೇಬಿಡುವುದು ಇನ್ನೊಂದು ದಾರಿ. ಹಜ್, ಉಮ್ರಾಕ್ಕೆ ಹೋದವರು ತರುವ 'ಮರಿಯಮ್ ಬೂಟಿ'ಯನ್ನು ಕೆಲವು ಮನೆಗಳಲ್ಲಿ ನೀವು ಕಂಡಿರಬಹುದು. ಮುಷ್ಟಿ ಹಿಡಿದಂತೆ ಮುದುಡಿದ ಒಣ ಗಿಡ. ಹೆರಿಗೆ ನೋವು ಶುರುವಾದಾಗ ನೀರಿನ ಬಟ್ಟಲಲ್ಲಿ ಹಾಕುತ್ತಾರೆ, ಕೆಲವು ತಾಸಿನಲ್ಲಿ ಬೆರಳು ಬಿಡಿಸಿದ ಹಾಗೆ ಅರಳುತ್ತದೆ. ಸಾಸಿವೆ ಕುಟುಂಬದ ಈ ಗಿಡ ಅರೇಬಿಯಾ, ಸಿನಾಯ್, ಸಹಾರಾದ ಮರಳು ನೆಲದ್ದು. ಅರಳುವಾಗ ಅದಕ್ಕೆ ಜೀವ ಬರುತ್ತದೆ ಎಂದು ಹಲವರು ನಂಬುತ್ತಾರೆ. ಗಿಡ ಸತ್ತೇ ಇರುತ್ತದೆ. ಒಣ ಕೊಂಬೆಯ ಒಂದು ಬದಿ ನೀರಿಗೆ ಹೆಚ್ಚು ಉಬ್ಬುತ್ತದೆ, ಇನ್ನೊಂದು ಕಡಿಮೆ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದಿಲ್ಲವೇ, ಅದೇ ರೀತಿ. ಒಣಗಿಸಿದರೆ ಮತ್ತೆ ಮುದುಡುತ್ತದೆ, ಎಷ್ಟು ಸಲವಾದರೂ. ಇದರಿಂದ ಲಾಭ ಬೀಜಕ್ಕೆ. ಸತ್ತ ತಾಯಿಗಿಡ ಒಣಗಾಲವಿಡೀ ಬೀಜಗಳನ್ನು ಮುಷ್ಟಿಯಲ್ಲಿ ಹಿಡಿದು ಕೂತು, ಮಳೆ ಬಂದಾಗ ಮಾತ್ರ ಬಿಡುತ್ತದೆ. ನನಗಂತೂ ಜೀವ ಬಂತು ಎಂಬ ಕಥೆಗಿಂತ ಇದು ಹೆಚ್ಚು ಅದ್ಭುತ ಎನಿಸುತ್ತದೆ. ಬಟ್ಟಲಲ್ಲಿ ಅರಳಿಸಿ ನೋಡಿ ಸಂತೋಷಪಡಿ. ಆದರೆ ಆ ನೀರನ್ನು ಗರ್ಭಿಣಿಗೆ ಕುಡಿಸುವುದು ಬೇಡ, ಹೂ ಅರಳಲಿ ಎಂದು ಕಾಯುತ್ತ ಆಸ್ಪತ್ರೆಗೆ ಹೊರಡುವುದನ್ನು ತಡಮಾಡುವುದಂತೂ ಬೇಡವೇ ಬೇಡ.

ನಿಜವಾಗಿ ಒಣಗಿ ಮತ್ತೆ ಬದುಕುವ ಗಿಡಗಳು ಬೇರೆ ಇವೆ. ಸಂತೆ, ಫುಟ್‌ಪಾತ್‌ಗಳಲ್ಲಿ 'ಸಂಜೀವಿನಿ' ಎಂದು ಮಾರುವ ಸೆಲಾಜಿನೆಲ್ಲಾ ಅಂಥದ್ದು. ಗರಿಗರಿಯಾಗಿ ಒಣಗಿದ್ದರೂ ನೀರು ಬಿದ್ದ ಮೇಲೆ ಹಸಿರಾಗಿ ದ್ಯುತಿಸಂಶ್ಲೇಷಣೆ ಶುರುಮಾಡುತ್ತದೆ. ಪಶ್ಚಿಮ ಘಟ್ಟದ ಬಂಡೆಗಳ ಮೇಲೆ ಇಂಥ ಗಿಡಗಳು ಒಂಬತ್ತೇ ಗೊತ್ತಿದ್ದವು. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯವರು ಹುಡುಕಿ ಆ ಪಟ್ಟಿಯನ್ನು 62ಕ್ಕೆ ಏರಿಸಿದ್ದಾರೆ.

ಹುಳಗಳಲ್ಲೂ ಹೀಗೆ ಮಾಡುವ ಒಂದಿದೆ. ನೈಜೀರಿಯಾದ ಬಂಡೆಗಳ ಮೇಲಿನ ಸಣ್ಣ ಹೊಂಡಗಳಲ್ಲಿ, ಸೊಳ್ಳೆಯಂತೆ ಕಾಣುವ ಆದರೆ ಕಚ್ಚದ ಒಂದು ನೊಣದ ಮರಿ ಬೆಳೆಯುತ್ತದೆ. ಬೇಸಿಗೆಯಲ್ಲಿ ಹೊಂಡ ಬತ್ತುತ್ತದೆ. ಮರಿ ಓಡಲಾರದು. ಅದು ಕೆಸರಿನಲ್ಲಿ ಗೂಡು ಮಾಡಿಕೊಂಡು ನಿಧಾನವಾಗಿ ಒಣಗುತ್ತದೆ. ಈ ನಿಧಾನ ಮುಖ್ಯ, ಯಾಕೆಂದರೆ ಎರಡು ದಿನಗಳಷ್ಟು ಕಾಲಾವಕಾಶದಲ್ಲಿ ಅದು ಟ್ರೆಹಲೋಸ್ ಎಂಬ ಸಕ್ಕರೆಯನ್ನು ಮೈತುಂಬ ತಯಾರಿಸಿಕೊಳ್ಳಬೇಕು. ಒಮ್ಮೆಲೇ ಒಣಗಿಸಿದರೆ ಸತ್ತೇ ಹೋಗುತ್ತದೆ. ನೀರು ಹೋದ ಜಾಗದಲ್ಲಿ ಸಕ್ಕರೆ ಕೂತು, ಗಾಜಿನಂತೆ ಗಟ್ಟಿಯಾಗಿ, ಕೋಶದ ಭಾಗಗಳು ಕುಸಿಯದಂತೆ ಹಿಡಿದಿಡುತ್ತದೆ. ಮೈಯ ನೀರು ಶೇ. 3ರಷ್ಟಕ್ಕೆ ಇಳಿಯುತ್ತದೆ. ಉಸಿರಾಟವಿಲ್ಲ, ಚಲನೆಯಿಲ್ಲ. ಬ್ರಿಟನ್ನಿನ ಹೊವಾರ್ಡ್ ಹಿಂಟನ್ 1950-60ರ ದಶಕಗಳಲ್ಲಿ ಇದರ ಅಧ್ಯಯನ ಶುರುಮಾಡಿದರು. 17 ವರ್ಷ ಒಣಗಿಸಿ ಇಟ್ಟಿದ್ದ ಮರಿಗಳೂ ನೀರಿಗೆ ಹಾಕಿದಾಗ ಮತ್ತೆ ಅಲುಗಾಡಿದ್ದು ದಾಖಲಾಗಿದೆ. ಸಾಮಾನ್ಯವಾಗಿ ನೀರು ಬಿದ್ದು ಒಂದು ತಾಸಿನ ಒಳಗೆ ಮರಿ ಈಜತೊಡಗುತ್ತದೆ.